ಬಿಳಿಗಿರಿರಂಗನ ಬೆಟ್ಟವೋ, ಮಾದಪ್ಪನ ಬೆಟ್ಟವೋ?

ಎರಡು ದಿನ ರಜೆ ಸಿಕ್ಕಿತೆಂದು ಚಾಮರಾಜನಗರ ಜಿಲ್ಲೆಯ ಕಡೆ ಹೊರಡುವವರು ಹಾಕುವ ಲೆಕ್ಕ ಸಾಮಾನ್ಯವಾಗಿ ಒಂದೇ: ಮೊದಲ ದಿನ ಬಿಳಿಗಿರಿರಂಗನ ಬೆಟ್ಟ, ಸಂಜೆಗೆ ಮಲೆ ಮಹದೇಶ್ವರ ಬೆಟ್ಟ, ಅಂದರೆ ಮಾದಪ್ಪನ ಬೆಟ್ಟ, ಮರುದಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮೂರೂ ಕಡೆ ದರ್ಶನವೇನೋ ಆಗುತ್ತದೆ, ಕಾಡು ಮಾತ್ರ ಕಾರಿನ ಗಾಜಿನಾಚೆಗೇ ಉಳಿದುಬಿಡುತ್ತದೆ. ಒಂದನ್ನು ಆರಿಸಿಕೊಂಡು ಅಲ್ಲೇ ರಾತ್ರಿ ತಂಗುವುದು ಮೇಲು. ಕಾಡು ನೋಡುವ ಆಸೆಯಿದ್ದರೆ ಬಿಳಿಗಿರಿ, ಬೆಟ್ಟ ನಡೆಯುವ ಆಸೆಯಿದ್ದರೆ ಮಾದಪ್ಪ. ಹೀಗೆ ಹೇಳಲು ಕಾರಣಗಳಿವೆ.

ಬಿಳಿಗಿರಿಯ ವಿಶೇಷವೆಂದರೆ ಒಂದೇ ಏರಿನಲ್ಲಿ ಕಾಡು ಬಣ್ಣ ಬದಲಿಸುವುದು. ಯಳಂದೂರು ದಾಟಿ ಗುಂಬಳ್ಳಿ ಚೆಕ್‌ಪೋಸ್ಟ್ ಒಳಗೆ ಹೋದಾಗ ಮೊದಲು ಸಿಗುವುದು ಮುಳ್ಳುಪೊದೆಯ ಕುರುಚಲು. ಹತ್ತುತ್ತಾ ಹೋದಂತೆ ಎಲೆ ಉದುರುವ ಮರಗಳು, ಮೇಲೆ ತಂಪು ಹಿಡಿದ ದಟ್ಟ ಹಸಿರು, ಇನ್ನೂ ಎತ್ತರದಲ್ಲಿ ಹುಲ್ಲುಗಾವಲು ಮತ್ತು ಅದರ ನಡುವಿನ ತಗ್ಗುಗಳಲ್ಲಿ ಕುಳ್ಳು ಮರಗಳ ದಟ್ಟ ಶೋಲಾ ಕಾಡು. ಸುಮಾರು 540 ಚದರ ಕಿ.ಮೀ.ನ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಬುಡಕಟ್ಟು ಜನರಾದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೇಶದಲ್ಲೇ ಅದು ಮೊದಲು. ಸೋಲಿಗರ ಹಾಡಿಗಳಾದ ಪೋಡುಗಳ ಪಕ್ಕದ ಕಾಫಿ ಗಿಡಗಳನ್ನು ನೋಡಿ ‘ಕಾಡಿನೊಳಗೆ ಇದೇಕೆ’ ಎನ್ನುವವರಿಗೆ ಈ ಸಂಗತಿ ಗೊತ್ತಿರಲಿ.

ಪ್ರಾಣಿ ನೋಡುವ ವಿಷಯದಲ್ಲಿ ನಿರೀಕ್ಷೆ ಹದವಾಗಿರಬೇಕು. ಸಫಾರಿ ಹೊರಡುವುದು ಕ್ಯಾತದೇವರ ಗುಡಿಯಿಂದ, ಅಂದರೆ ಎಲ್ಲರೂ ಹೇಳುವ ಕೆ. ಗುಡಿಯಿಂದ. ಚಾಮರಾಜನಗರದ ಕಡೆಯಿಂದ ಬಂದರೆ ಇದೇ ಮೊದಲು ಸಿಗುತ್ತದೆ, ರಂಗನಾಥನ ಗುಡಿ ಅಲ್ಲಿಂದ ಇನ್ನೂ ಸುಮಾರು 17 ಕಿ.ಮೀ. ಬಂಡೀಪುರದಷ್ಟು ಬಯಲು ಇಲ್ಲಿಲ್ಲ. ಲಂಟಾನ ಎಂಬ ಕಳೆಪೊದೆ ಆಳೆತ್ತರ ಬೆಳೆದು ದಾರಿಯ ಎರಡೂ ಬದಿ ಗೋಡೆ ಕಟ್ಟಿದೆ. ಹತ್ತು ಅಡಿ ಆಚೆ ಕಾಟಿ ನಿಂತಿದ್ದರೂ ಕಾಣದು, ಉಸಿರು ಕೇಳಿಸಬಹುದು. ಲಂಟಾನದಿಂದ ಹುಲ್ಲು ಕಡಿಮೆಯಾಗಿ ಮೇಯುವ ಪ್ರಾಣಿಗಳಿಗೂ ಕಷ್ಟ. ಹಾಗಾಗಿ ಹುಲಿಯೊಂದನ್ನೇ ನೆಚ್ಚಿಕೊಂಡು ಹೋದವರು ಬೇಸರದಿಂದ ಮರಳುತ್ತಾರೆ. ಕಾಟಿ, ಕಡವೆ, ಕಾಡುಕುರಿ, ಸೀಳುನಾಯಿ ಸಿಕ್ಕರೂ ಸಂತೋಷ ಎನ್ನುವವರಿಗೆ, ಅದಕ್ಕಿಂತ ಹೆಚ್ಚಾಗಿ ಹಕ್ಕಿ ನೋಡುವವರಿಗೆ, ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ. ಬೆಳಗಿನ ಸಫಾರಿಯನ್ನೇ ಹಿಡಿಯಿರಿ. ತೆರೆದ ಜೀಪಿನಲ್ಲಿ ಚಳಿಗಾಳಿ ಕಿವಿಗೆ ಹೊಡೆಯುತ್ತದೆ, ಮಫ್ಲರ್ ಬೇಕೇಬೇಕು.

ಮಾದಪ್ಪನ ಬೆಟ್ಟದಲ್ಲಿ ಕಾಡು ದೊಡ್ಡದು. 2013ರಲ್ಲಿ ವನ್ಯಧಾಮವಾದ ಪ್ರದೇಶವೇ 906 ಚದರ ಕಿ.ಮೀ. ಆದರೆ ಬಹುಪಾಲು ಒಣಕಾಡು: ಬಂಡೆ, ಬಿದಿರು, ಬೇಸಿಗೆಯಲ್ಲಿ ಬೋಳಾಗುವ ಮರಗಳು. ‘ಎಪ್ಪತ್ತೇಳು ಮಲೆ’ ಎನ್ನುವುದು ಬರಿಯ ಹಾಡಿನ ಮಾತಲ್ಲ, ಆನೆತಲೆದಿಂಬದ ಹತ್ತಿರ ನಿಂತು ನೋಡಿದರೆ ಸಾಲು ಮುಗಿಯುವುದೇ ಇಲ್ಲ. ಪ್ರಾಣಿಗಳಿವೆ, ಆನೆ ಚಿರತೆ ಹುಲಿ ಎಲ್ಲ ಇವೆ, ಆದರೆ ಪ್ರಾಣಿ ನೋಡಲೆಂದೇ ಇಲ್ಲಿಗೆ ಬರಬೇಕಿಲ್ಲ. ಇಲ್ಲಿಗೆ ಬರಬೇಕಾದದ್ದು ನಡೆಯಲು.

ನಡೆಯಲು ಎರಡು ದಾರಿ. ಒಂದು ಬೆಟ್ಟದ ಬುಡದ ತಾಳುಬೆಟ್ಟದಿಂದ ಗುಡಿಗೆ. ಭಕ್ತರು ತಾಳುಬೆಟ್ಟದಲ್ಲಿ ಕರ್ಪೂರ ಹಚ್ಚಿ, ಕಾಯಿ ಒಡೆದು, ಉಘೇ ಮಾದಪ್ಪ ಎಂದು ಹತ್ತಲು ಶುರು ಮಾಡುತ್ತಾರೆ. ಎಡವುವುದು ಸಮಯದಲ್ಲಿ: ಎಂಟು ಗಂಟೆಗೆ ಹೊರಟವರು ಮಧ್ಯಾಹ್ನ ಕಾದ ಟಾರಿನ ಮೇಲೆ ಬರಿಗಾಲಿನಲ್ಲಿ ಸಿಕ್ಕಿಬೀಳುತ್ತಾರೆ, ಅಂಗಾಲು ಬೊಬ್ಬೆ ಏಳುತ್ತದೆ. ಬೆಳಕು ಹರಿದ ಕೂಡಲೇ, ಗುಂಪಿನಲ್ಲಿ ಹೊರಡಿ. ಚಿರತೆಯ ಜಾಡಿರುವ ದಾರಿಯಾದ್ದರಿಂದ ಕತ್ತಲಲ್ಲಿ, ಅದರಲ್ಲೂ ಮಕ್ಕಳನ್ನು ಹಿಂದೆ ಬಿಟ್ಟು, ನಡೆಯಕೂಡದು.

ಇನ್ನೊಂದು ನಾಗಮಲೆ. ಬೆಟ್ಟದಿಂದ ಹೋಗುವುದಕ್ಕೇ ಸುಮಾರು 14 ಕಿ.ಮೀ. ಅರ್ಧದಷ್ಟು, ಇಂಡಿಗನತ್ತದವರೆಗೆ, ಜೀಪು ಸಿಗುತ್ತದೆ. ಆ ಕಲ್ಲುದಾರಿಯಲ್ಲಿ ಕುಲುಕಾಟ ಎಷ್ಟಿದೆಯೆಂದರೆ ಬೆನ್ನುನೋವಿನವರು ನಡೆಯುವುದೇ ವಾಸಿ. ಉಳಿದರ್ಧದಲ್ಲಿ ನೆರಳು ಕಡಿಮೆ, ನೀರು ಊರು ಬಂದಾಗ ಮಾತ್ರ. ಒಬ್ಬರಿಗೆ ಮೂರು ಲೀಟರ್ ನೀರು, ಉಪ್ಪು-ಸಕ್ಕರೆಯ ಪೊಟ್ಟಣ, ಅಡಿ ಗಟ್ಟಿಯಿರುವ ಶೂ ಇರಲಿ. ಕಾಲು ಜಾರುವುದು ಹತ್ತುವಾಗಲ್ಲ, ಇಳಿಯುವಾಗ: ಸಡಿಲ ಕಲ್ಲಿನ ಮೇಲೆ ಹಿಮ್ಮಡಿ ಊರಿದರೆ ಕಲ್ಲು ಉರುಳುತ್ತದೆ. ಹೆಜ್ಜೆ ಚಿಕ್ಕದಾಗಿಟ್ಟು, ಮೊಣಕಾಲು ತುಸು ಮಡಚಿ, ಅಡ್ಡಡ್ಡ ಇಳಿಯಬೇಕು. ಕೊನೆಗೆ ಹೆಡೆ ಎತ್ತಿದ ಹಾವಿನಂತೆ ಬಾಗಿದ ಬಂಡೆ, ಅದರ ಕೆಳಗೆ ಲಿಂಗ. 2024ರ ಜನವರಿಯಲ್ಲಿ ರಾಜ್ಯದ ಚಾರಣದ ದಾರಿಗಳಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿತು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಾರಿ ತೆರೆದಿದೆಯೇ ನೋಡಿ, ಚೀಟಿ ಮಾಡಿಸಿಕೊಂಡೇ ಊರು ಬಿಡಿ. ಕಾಡ್ಗಿಚ್ಚಿನ ತಿಂಗಳುಗಳಲ್ಲಿ, ಅಂದರೆ ಫೆಬ್ರುವರಿಯಿಂದ ಮಳೆ ಬೀಳುವವರೆಗೆ, ಮುಚ್ಚಿರುವ ಸಾಧ್ಯತೆಯೇ ಹೆಚ್ಚು.

ಬಿಳಿಗಿರಿಯಲ್ಲಿ ಹೀಗೆ ನಡೆಯುವಂತಿಲ್ಲ. ದೊಡ್ಡ ಸಂಪಿಗೆ ಮರದ ಕಡೆಗೂ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಲಾಗದು. ಅದು ಸೋಲಿಗರು ಪೂಜಿಸುವ ಮರ, ಆ ಕಟ್ಟುಪಾಡು ಇರಲೇಬೇಕು.

ದೇವಸ್ಥಾನಗಳ ಹದವೂ ಬೇರೆ. ರಂಗನಾಥ ಇಲ್ಲಿ ಮಲಗಿಲ್ಲ, ನಿಂತಿದ್ದಾನೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಅವರಿಗೆ ಆತ ರಂಗಭಾವ. ಸಂಕ್ರಾಂತಿಯ ಚಿಕ್ಕಜಾತ್ರೆ, ಬೇಸಿಗೆಯ ದೊಡ್ಡಜಾತ್ರೆ ಬಿಟ್ಟರೆ ವಾರದ ದಿನಗಳಲ್ಲಿ ನೆಮ್ಮದಿಯ ದರ್ಶನ. ಮಾದಪ್ಪನಲ್ಲಿ ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಗಂಟೆಗಟ್ಟಲೆ ಸಾಲು, ಪ್ರಾಧಿಕಾರದ ಕೊಠಡಿಗಳೆಲ್ಲ ಭರ್ತಿ. ಕಂಸಾಳೆ ಕೇಳಲು, ಹುಲಿವಾಹನ ಸೇವೆ ನೋಡಲು ಹೋಗುವವರು ಆ ದಿನಗಳನ್ನೇ ಆರಿಸಲಿ. ನಡೆಯಲು ಬಂದವರು ಪಂಚಾಂಗ ನೋಡಿ ತಪ್ಪಿಸಿಕೊಳ್ಳಲಿ. ಊಟಕ್ಕೆ ಮಾದಪ್ಪನಲ್ಲಿ ದಾಸೋಹವಿದೆ. ಬಿಳಿಗಿರಿಯಲ್ಲಿ ಗುಡಿಯ ಬಳಿ ಕೆಲವೇ ಹೋಟೆಲು, ತಡವಾದರೆ ಅನ್ನ ಮುಗಿದಿರುತ್ತದೆ.

ಗೋಪಾಲಸ್ವಾಮಿ ಬೆಟ್ಟ ಅರ್ಧ ದಿನದ್ದು. 1,454 ಮೀಟರ್ ಎತ್ತರ, ಮಂಜು, ಗುಡಿ, ಅಷ್ಟೇ. ಖಾಸಗಿ ವಾಹನ ಬೆಟ್ಟದಡಿಯಲ್ಲೇ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹತ್ತಬೇಕು, ಚಾರಣವಿಲ್ಲ. ಊಟಿಯ ದಾರಿಯಲ್ಲಿದ್ದರೆ ಹೋಗಿ, ಇದಕ್ಕೆಂದೇ ದಿನ ಕಳೆಯಬೇಡಿ.

ಎರಡೂ ದೊಡ್ಡ ಬೆಟ್ಟಗಳಿಗೆ ಒಂದೇ ವಾಹನಪಾಠ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಹಿಡಿದೇ ಬಂದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಮಾತ್ರ ಸುರಿಯಬೇಡಿ. ಆನೆ ಎದುರಾದರೆ ಹಾರನ್ ಬೇಡ, ಎಂಜಿನ್ ಆರಿಸಬೇಡಿ, ದೂರದಲ್ಲೇ ನಿಂತು ಅದಕ್ಕೆ ದಾರಿ ಬಿಡಿ. ಇನ್ನು ಎರಡೂ ಬೆಟ್ಟ ಬೇಕೇಬೇಕು ಎನ್ನುವವರು ಮೊದಲು ಬಿಳಿಗಿರಿಯಲ್ಲಿ ತಂಗಿ, ಬೆಳಗಿನ ಸಫಾರಿ ಮುಗಿಸಿ, ಕೊಳ್ಳೇಗಾಲ, ಹನೂರಿನ ಮೂಲಕ ಹೊರಡಲಿ. 120 ಕಿ.ಮೀ. ಆಸುಪಾಸು, ಮೂರೂವರೆ ಗಂಟೆ ಬೇಕು. ಪೆಟ್ರೋಲ್ ಕೊಳ್ಳೇಗಾಲದಲ್ಲೇ ತುಂಬಿಸಿಕೊಂಡು, ತಾಳುಬೆಟ್ಟವನ್ನು ಸಂಜೆ ನಾಲ್ಕರೊಳಗೆ ದಾಟಬೇಕು.