ಗಿಟಾರ್ ಒಳಗೆ 'ಪ್ಲಗ್ ಸಿಸ್ಟಂ' ಹಾಕ್ತೀನಿ ಅಂದರೆ ಗಿಟಾರ್ ಎತ್ತಿಕೊಂಡು ವಾಪಸ್ ಬನ್ನಿ

ತುಮಕೂರಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡಿರುವವರು, ಆರ್ಕೆಸ್ಟ್ರಾದಲ್ಲಿ ನುಡಿಸುವವರು, ಮಗನಿಗೋ ಮಗಳಿಗೋ ಕೊಡಿಸಿರುವವರು ದಯವಿಟ್ಟು ಇದನ್ನು ಓದಿ. ರಿಪೇರಿಯವರು ಯಾರಾದರೂ "ಸೋಲ್ಡರ್ ಎಲ್ಲಾ ಯಾಕೆ ಸಾರ್, ಇಂಪೋರ್ಟೆಡ್ ಪ್ಲಗ್ ಸಿಸ್ಟಂ ಹಾಕ್ತೀನಿ" ಅಂದರೆ ಅಲ್ಲೇ ನಿಲ್ಲಿಸಿ. ಒಳಗಿನ ವೈರುಗಳನ್ನು ಸೋಲ್ಡರಿನಿಂದ ಬೆಸೆಯುವ ಬದಲು ಚುಚ್ಚಿ ಕೂರಿಸುವ ಕನೆಕ್ಟರ್ ಹಾಕೋದಕ್ಕೆ ಇಟ್ಟ ಹೆಸರು ಅದು. ಅಂಗಡಿ ಹೆಸರು ಹಾಕಲ್ಲ. ಹಾಕಿದರೆ ಜಗಳ ಬೇರೆ ದಾರಿ ಹಿಡಿಯುತ್ತದೆ. ಆದರೆ ಅಂಗಡಿಯವನು ಏನೇನು ಮಾಡಿದ, ಏನೇನು ಹೇಳಿದ ಅನ್ನೋದನ್ನು ಪೂರ್ತಿ ಬರೆಯುತ್ತೇನೆ. ಹೊಟ್ಟೆ ಉರಿ ಇನ್ನೂ ತಣ್ಣಗಾಗಿಲ್ಲ.

ನನ್ನದು ಲೆಸ್ ಪಾಲ್ ಆಕಾರದ ಗಿಟಾರ್. ಎರಡು ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ಎರಡು ಕಾಯಿಲಿನ ಸಾಮಾನು), ನಾಲ್ಕು ನಾಬ್, ಒಂದು ಸ್ವಿಚ್. ಇದ್ದ ತೊಂದರೆ ಒಂದೇ. ಕೇಬಲ್ ಚುಚ್ಚುವ ಜ್ಯಾಕ್ ಸಡಿಲವಾಗಿ ಕರಕರ ಅಂತಿತ್ತು. ಇದು ಎಷ್ಟು ಚಿಕ್ಕ ಕೆಲಸ ಅಂತ ನುಡಿಸುವವರಿಗೆಲ್ಲ ಗೊತ್ತು. ನಟ್ಟು ಬಿಗಿ ಮಾಡಿ, ಬಿಟ್ಟುಹೋದ ವೈರಿಗೆ ಒಂದು ಚುಕ್ಕೆ ಸೋಲ್ಡರ್ ಇಟ್ಟರೆ ಮುಗೀತು. ಜ್ಯಾಕೇ ಹೋಗಿದ್ದರೆ ಹೊಸದು ಹಾಕಬೇಕು, ಅಷ್ಟೇ. ಇಷ್ಟಕ್ಕೆ ಬೆಂಗಳೂರಿಗೆ ಯಾರು ಹೋಗುತ್ತಾರೆ? ಗಣೇಶನ ಹಬ್ಬದ ಪ್ರೋಗ್ರಾಂಗಳು ಬೇರೆ ಹತ್ತಿರ ಇದ್ದವು. ಊರಲ್ಲೇ ಕೊಟ್ಟೆ.

ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿ ಲೊಚಗುಟ್ಟಿದ. "ಅಯ್ಯೋ ಸಾರ್, ಒಳಗೆ ಎಲ್ಲಾ ಹಳೇ ಕಾಲದ್ದು. ಈಗ ಫಾರಿನ್ ಗಿಟಾರ್ ಪೂರ್ತಿ ಕನೆಕ್ಟರಲ್ಲೇ ಬರೋದು. ಒಂದ್ಸಲ ಹಾಕ್ಸಿಬಿಡಿ, ಲೈಫ್‌ಲಾಂಗ್ ಚಿಂತೆ ಇಲ್ಲ." ಚಪ್ಪಲಿಯ ಉಂಗುಷ್ಟ ಹೊಲಿಸೋಕೆ ಹೋದವನಿಗೆ ಕಾಲೇ ಸರಿ ಇಲ್ಲ ಅಂದ ಹಾಗೆ.

ಆದರೆ ಅವನು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಅದಕ್ಕೇ ಇನ್ನೂ ಸಿಟ್ಟು ಬರೋದು. ಇಎಂಜಿ ಕಂಪನಿ ತನ್ನ ಪಿಕಪ್ ಜೊತೆ ಸೋಲ್ಡರ್ ಬೇಡದ ವೈರಿಂಗನ್ನೇ ಕೊಡುತ್ತದೆ. ಗಿಬ್ಸನ್‌ನ ಕೆಲವು ಗಿಟಾರ್‌ಗಳಲ್ಲಿ ಒಳಗೆ ಸರ್ಕ್ಯೂಟ್ ಬೋರ್ಡ್ ಇದ್ದು ಪಿಕಪ್ ವೈರು ಪ್ಲಗ್ ಆಗಿಯೇ ಬಂದು ಕೂರುತ್ತದೆ. ಅವೆಲ್ಲ ಚೆನ್ನಾಗಿಯೇ ನಡೆಯುತ್ತವೆ. ಯಾಕೆಂದರೆ ಆ ಕನೆಕ್ಟರನ್ನು ಅದೇ ಕೆಲಸಕ್ಕೆ ಆರಿಸಿ, ಸರಿಯಾದ ಯಂತ್ರದಲ್ಲಿ ಪಿನ್ ಒತ್ತಿರುತ್ತಾರೆ. ಇವನು ಆ ಹೆಸರು ಹೇಳಿ ಹಾಕಿದ್ದೇ ಬೇರೆ.

1,800 ರೂಪಾಯಿ ತಗೊಂಡ. ಅಂಗಡಿಯ, ಸದ್ದು ಹೆಚ್ಚಿಸುವ ಪುಟ್ಟ ಆಂಪ್‌ನಲ್ಲಿ ಟ್ರೊಯ್ಯ್ ಅಂತ ಒಂದು ಕಾರ್ಡ್ ನುಡಿಸಿ ತೋರಿಸಿದ. ಕರಕರ ಇಲ್ಲ. ಖುಷಿಯಾಗಿ ಬಂದೆ. ಮನೆಯಲ್ಲಿ ವಾಲ್ಯೂಮ್ ಏರಿಸಿದರೆ ಗುಂಯ್ ಅಂತ ಹಮ್ಮು (ಕರೆಂಟಿನ ಗುಂಯ್‌ಗುಡುವ ಸದ್ದು). ಸಾಮಾನ್ಯವಾಗಿ ತಂತಿ ಮುಟ್ಟಿದರೆ ಹಮ್ಮು ಕಡಿಮೆ ಆಗಬೇಕು ಅಲ್ವಾ? ತಂತಿ ಕೂರುವ ಬ್ರಿಡ್ಜ್‌ನಿಂದ ಒಂದು ಗ್ರೌಂಡ್ (ಅರ್ತ್) ವೈರು ಒಳಗೆ ಬಂದಿರುತ್ತದೆ, ಅದರಿಂದ. ನನ್ನದರಲ್ಲಿ ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಫೋನ್ ಮಾಡಿದೆ. ಅವನ ಉತ್ತರ ಕೇಳಿ.

"ಅದು ಬೇಕಂತ್ಲೇ ತೆಗ್ದಿದೀನಿ ಸಾರ್. ಪೆಂಡಾಲಲ್ಲಿ ಶಾಕ್ ಹೊಡೀಬಾರ್ದು ಅಂತ. ನಿಮ್ಮ ಸೇಫ್ಟಿಗೆ."

ಪೆಂಡಾಲಿನಲ್ಲಿ ಶಾಕ್ ಹೊಡೆಯೋದು ನಿಜ. ಅರ್ತಿಂಗ್ ಸರಿ ಇಲ್ಲದ ಕಡೆ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದವರಿಗೆ ಅದರ ರುಚಿ ಗೊತ್ತು. ಆದರೆ ಅದಕ್ಕೆ ಮದ್ದು ಪೆಂಡಾಲಿನ ಅರ್ತಿಂಗ್ ಸರಿ ಮಾಡಿಸೋದು. ನನ್ನ ಗಿಟಾರಿನ ವೈರ್ ಕತ್ತರಿಸೋದಲ್ಲ. ಕತ್ತರಿಸೋದಿದ್ದರೂ ಒಂದು ಮಾತು ಹೇಳಬೇಕಲ್ವಾ? ಕೇಳದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ನೆಕ್ (ಗಿಟಾರಿನ ಕುತ್ತಿಗೆ) ಕಡೆಯ ಪಿಕಪ್ ಬರೋದು ಹೋಗೋದು ಶುರುವಾಯಿತು. ಮತ್ತೆ ತೋರಿಸಿದೆ. ಒಂದು ನಿಮಿಷ ನೋಡಿ, "ಪಿಕಪ್ ಸತ್ತಿದೆ ಸಾರ್" ಅಂದ. ಒಳಗಿನ ಕಾಯಿಲ್ ಕಟ್ಟಾಗಿದೆಯಂತೆ, ಕೂದಲಿಗಿಂತ ಸಣ್ಣ ತಂತಿಯಂತೆ, ಯಾರೂ ರಿಪೇರಿ ಮಾಡಲ್ಲವಂತೆ. ತಂತಿ ಅಷ್ಟು ಸಣ್ಣ ಇರೋದು ನಿಜವೇ. ಇಲ್ಲೂ ಅರ್ಧ ನಿಜ! ಹೊಸ ಪಿಕಪ್ 3,500 ರೂಪಾಯಿ. ಪ್ರೋಗ್ರಾಂ ತಲೆ ಮೇಲೆ ಇತ್ತು. ಕೊಟ್ಟೆ. ಹಳೇ ಪಿಕಪ್ ಕೇಳಿದರೆ, "ಅದ್ಯಾಕೆ ಸಾರ್, ಗುಜರಿ, ಎಸ್ದುಬಿಡ್ತೀನಿ" ಅಂದ. ಬೇಡ ಕೊಡಿ ಅಂತ ಇಸ್ಕೊಂಡೆ. ಪೇಪರ್‌ನಲ್ಲಿ ಸುತ್ತಿ ಕೊಡುವಾಗ ಅವನ ಮುಖ ನೋಡಬೇಕಿತ್ತು. ಆಗ ಅರ್ಥ ಆಗಲಿಲ್ಲ, ಈಗ ಆಗುತ್ತಿದೆ.

ಹೊಸ ಪಿಕಪ್ ಹಾಕಿದ ಮೇಲೆ ಸೌಂಡ್ ತೆಳ್ಳಗೆ ಆಯಿತು. ಕೆಳಗಿನ ತೂಕವೇ ಇಲ್ಲ, ಹಮ್ಮು ಮಾತ್ರ ಮೊದಲಿಗಿಂತ ಜಾಸ್ತಿ. ಕೇಳಿದೆ. ಉತ್ತರ: "ಹೊಸದು ಅಲ್ವಾ ಸಾರ್, ನುಡಿಸ್ತಾ ನುಡಿಸ್ತಾ ಸೆಟ್ ಆಗುತ್ತೆ." ಇದನ್ನು ನಾನು ನಮ್ಮ ತಂಡದವರಿಗೆಲ್ಲ ಹೇಳಿದ್ದೆ, ಸೆಟ್ ಆಗುತ್ತಂತೆ ಕಣ್ರೋ ಅಂತ. ಈಗಲೂ ಕೀಬೋರ್ಡಿನವನು ನನ್ನನ್ನು ನೋಡಿದ ಕೂಡಲೇ "ಸೆಟ್ ಆಯ್ತಾ ಅಣ್ಣ?" ಅಂತಾನೆ.

ಗುಬ್ಬಿ ಕಡೆ ಒಂದು ಗಣೇಶನ ಪ್ರೋಗ್ರಾಂ. ಜನ ಚೆನ್ನಾಗಿ ಸೇರಿದ್ದರು. ಹಾಡಿನ ಮಧ್ಯೆ ಗಿಟಾರ್ ಬಿಟ್ ಬರುತ್ತದೆ, ಎಲ್ಲರೂ ನಿಲ್ಲಿಸುತ್ತಾರೆ, ನಾನೊಬ್ಬನೇ ನುಡಿಸಬೇಕು. ಮುಂದೆ ಬಂದು ನಿಂತು ಬಾರಿಸಿದೆ. ಸದ್ದೇ ಇಲ್ಲ. ಎರಡು ಪಿಕಪ್ಪೂ ಇಲ್ಲ, ಏನೂ ಇಲ್ಲ. ಕೈ ಆಡುತ್ತಿದೆ, ಸದ್ದಿಲ್ಲ. ಮುಂದೆ ಕೂತಿದ್ದ ಹುಡುಗರು ಶಿಳ್ಳೆ ಹಾಕಿದರು. ಡ್ರಮ್ಮಿನವನು ಏನೋ ಬಾರಿಸಿ ಮಾನ ಉಳಿಸಿದ. ಕೇಬಲ್ ಬದಲಾಯಿಸಿದೆ, ಆಂಪ್ ಬದಲಾಯಿಸಿದೆ, ಬೆನ್ನಿಗೆ ಒಂದು ಗುದ್ದು ಕೊಟ್ಟರೆ ಎರಡು ಸೆಕೆಂಡ್ ಬಂತು, ಮತ್ತೆ ಹೋಯಿತು. ಉಳಿದ ಹಾಡಿಗೆಲ್ಲ ಸುಮ್ನೆ ಕೈ ಆಡಿಸಿಕೊಂಡು ನಿಂತಿದ್ದೆ. ಪೇಮೆಂಟ್ ಕೊಡುವಾಗ ಅಲ್ಲಿಯವರು ಅಂದ ಮಾತು ಇಲ್ಲಿ ಬರೆಯಲ್ಲ.

ನಮ್ಮ ಪಕ್ಕದ ಮನೆ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಎಲೆಕ್ಟ್ರಾನಿಕ್ಸ್. ಅವನನ್ನು ಕರೆದು ಮುಚ್ಚಳ ಬಿಚ್ಚಿಸಿದೆ. ನೋಡಿದವನೇ ನಕ್ಕುಬಿಟ್ಟ. "ಅಂಕಲ್, ಇದು ನಮ್ಮ ಪ್ರಾಜೆಕ್ಟ್ ಕಿಟ್‌ಗೆ ಹಾಕೋ ಜಂಪರ್ ವೈರು!"

ಇಂಪೋರ್ಟೆಡ್ ಪ್ಲಗ್ ಸಿಸ್ಟಂ! ಕಾಲೇಜು ಹುಡುಗರು ಬ್ರೆಡ್‌ಬೋರ್ಡ್‌ಗೆ ಚುಚ್ಚಿ ತೆಗೆದು ಆಟ ಆಡುವ ವೈರು. ನಲವತ್ತು ವೈರಿನ ಕಟ್ಟು ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದಂತೆ. ಪಿನ್ನಿಗೂ ಪಿನ್ನಿಗೂ 2.54 ಮಿಲಿಮೀಟರ್ ಅಂತರ ಇರುವ, ಲಾಕ್ ಅನ್ನೋದೇ ಇಲ್ಲದ ಕಪ್ಪು ಕನೆಕ್ಟರ್. ಎಳೆದರೆ ಬರುತ್ತದೆ, ಅಲುಗಿದರೂ ಸಡಿಲ ಆಗುತ್ತದೆ. ಮೇಜಿನ ಮೇಲೆ ಇಟ್ಟು ಪ್ರಯೋಗ ಮಾಡುವುದಕ್ಕೆ ಅದು ಸರಿಯೇ. ಕುತ್ತಿಗೆಗೆ ನೇತುಹಾಕಿಕೊಂಡು ಕುಣಿಯುವ ಸಾಮಾನಿಗೆ ಅಲ್ಲ. ಅದೂ ಗಿಟಾರಿನ ಸಿಗ್ನಲ್ ಎಷ್ಟು ಸಣ್ಣದು ಗೊತ್ತಲ್ಲ. ಒಂದು ವೋಲ್ಟಿಗಿಂತ ಕಡಿಮೆಯಲ್ಲೇ ಬಹುಪಾಲು ನಡೆಯುತ್ತದೆ. ಪಿನ್ನು ಸ್ವಲ್ಪ ಕಿಲುಬು ಹಿಡಿದರೂ ಆಂಪ್‌ನಲ್ಲಿ ಕರಕರ ಅಂತ ದೊಡ್ಡದಾಗಿ ಕೇಳುತ್ತದೆ. ಜೊತೆಗೆ ಹೊರಗಿನ ಹಮ್ಮು ತಡೆಯುವ ಶೀಲ್ಡ್ (ಲೋಹದ ಹೊದಿಕೆ) ಇರುವ ವೈರು ಕಿತ್ತು ಸಾದಾ ವೈರು ಹಾಕಿದ್ದ. ಹಮ್ಮು ಬರದೆ ಇನ್ನೇನು ಬರುತ್ತದೆ?

ಹೊಸ ಪಿಕಪ್ಪಿನ ಕಥೆ ಇನ್ನೊಂದು. ಅದಕ್ಕೆ ನಾಲ್ಕು ಬಣ್ಣದ ವೈರು. ಈ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಸೇಮೂರ್ ಡಂಕನ್‌ನಲ್ಲಿ ಕಪ್ಪು ಸಿಗ್ನಲ್ಲು, ಕೆಂಪು ಬಿಳಿ ಎರಡನ್ನೂ ಸೇರಿಸಿ ಮುಚ್ಚಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್ಲು, ಕಪ್ಪು ಬಿಳಿ ಸೇರಿಸಬೇಕು. ಎರಡರಲ್ಲೂ ಹಸಿರು ಗ್ರೌಂಡು. ಡಂಕನ್ ಲೆಕ್ಕವನ್ನು ಡಿಮಾರ್ಜಿಯೊಗೆ ಹಾಕಿದರೆ ಎರಡು ಕಾಯಿಲ್ ಒಂದಕ್ಕೊಂದು ಉಲ್ಟಾ ಆಗುತ್ತವೆ. ತಂತಿಯ ಸೌಂಡ್ ಒಂದನ್ನೊಂದು ತಿಂದುಹಾಕುತ್ತದೆ, ಹಮ್ಮು ಮಾತ್ರ ಕೂಡಿಕೊಂಡು ಡಬಲ್ ಆಗುತ್ತದೆ. ನನಗೆ ಆಗಿದ್ದು ಇದೇ. ಬಾಕ್ಸ್ ಒಳಗೆ ಬಣ್ಣದ ಚಿತ್ರ ಇರುವ ಕಾಗದ ಮಡಚಿ ಇಟ್ಟ ಹಾಗೇ ಇತ್ತು. ಅವನು ಬಿಚ್ಚಿಯೂ ನೋಡಿಲ್ಲ. ಸೆಟ್ ಆಗುತ್ತಂತೆ!

ಇಷ್ಟೆಲ್ಲ ನೋಡಿಯೂ ನನಗೆ ಪೂರ್ತಿ ಉರಿದಿರಲಿಲ್ಲ. ಉರಿದದ್ದು ಆಮೇಲೆ. ಹುಡುಗ ಸುಮ್ನೆ ಇರಲಿ ಅಂತ ಆ "ಸತ್ತ" ಪಿಕಪ್ಪಿಗೆ ಮಲ್ಟಿಮೀಟರ್ ಇಟ್ಟು ತಂತಿಯ ತಡೆ (ಓಮ್) ಅಳೆದ. ಕನೆಕ್ಟರಿನ ಎರಡು ಪಿನ್ನಿಗೆ ಇಟ್ಟರೆ ರೀಡಿಂಗೇ ಇಲ್ಲ. ಸತ್ತಿದೆ ಅನ್ನೋದು ನಿಜವೇ ಇರಬೇಕು ಅಂದುಕೊಂಡೆ. ಅವನು ಬ್ಲೇಡ್ ತಗೊಂಡು ಪಿನ್ನಿನ ಹಿಂದೆ ವೈರು ಸ್ವಲ್ಪ ಹೆರೆದು, ತಾಮ್ರಕ್ಕೇ ಮೀಟರ್ ಇಟ್ಟ. 7.8 ಕಿಲೋ ಓಮ್. ಸಾದಾ ಹಂಬಕರ್ ಅಂದರೆ ಸಾಮಾನ್ಯವಾಗಿ ಏಳರಿಂದ ಒಂಬತ್ತರ ಒಳಗೆ ತೋರಿಸುತ್ತದೆ. ಅಂದರೆ ಆರೋಗ್ಯವಾಗಿರುವ ಪಿಕಪ್. ಏನೂ ಆಗಿಲ್ಲ ಅದಕ್ಕೆ. ಆ ಪಿನ್ನನ್ನು ಕ್ರಿಂಪ್ ಮಾಡುವ (ವೈರಿಗೆ ಒತ್ತಿ ಕೂರಿಸುವ) ಟೂಲ್ ಇಲ್ಲದೆ ನೋಸ್ ಪ್ಲೈಯರ್‌ನಲ್ಲಿ ಅದುಮಿದ್ದಾನೆ, ಅದೂ ತಾಮ್ರದ ಮೇಲಲ್ಲ, ಮೇಲಿನ ಪ್ಲಾಸ್ಟಿಕ್ ಮೇಲೆ! ಒಂದೆರಡು ಎಳೆ ತಾಮ್ರ ಹೇಗೋ ತಾಗಿಕೊಂಡಿದ್ದರಿಂದ ಅಷ್ಟು ದಿನ ಬಂದೂ ಹೋಗಿಯೂ ಆಗಿತ್ತು. ಅವನೇ ಕೆಡಿಸಿ, ಅವನೇ ಸತ್ತಿದೆ ಅಂದು, ಅವನೇ 3,500 ತಗೊಂಡ. ಆ ಮೀಟರಿನ ಮೇಲೆ 7.8 ಅಂತ ನೋಡುತ್ತಾ ಕೂತಿದ್ದೆ. ಮನೆಯವಳು ಬಂದು ಏನಾಯ್ತು ಅಂದರೆ ಹೇಳೋಕೂ ನಾಚಿಕೆ.

ಫೋಟೊ, ಮೀಟರಿನ ವಿಡಿಯೊ ಎಲ್ಲ ವಾಟ್ಸಾಪ್ ಮಾಡಿದೆ. ಉತ್ತರಗಳು ಬಂದ ಕ್ರಮದಲ್ಲೇ ಹಾಕುತ್ತೇನೆ.

ಮೊದಲು: "ಮೀಟರ್ ಚೈನಾದು ಇರ್ಬೇಕು ಸಾರ್."

ಆಮೇಲೆ: "ನಮ್ಮಲ್ಲಿ ಚೆಕ್ ಮಾಡಿದಾಗ ಸತ್ತಿತ್ತು."

ಅಂದರೆ ನಮ್ಮ ಮನೆಗೆ ಬಂದ ಮೇಲೆ ಬದುಕಿತೇನಣ್ಣ ಅಂತ ಕೇಳಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ. ಮರುದಿನ: "ಯಾರೋ ಸ್ಟೂಡೆಂಟ್ ಕೈಲಿ ಬಿಚ್ಚಿಸಿದೀರಾ, ವಾರಂಟಿ ಹೋಯ್ತು." ವಾರಂಟಿ! ಬಿಲ್ ಕೇಳಿದಾಗ "ಬಿಲ್ ಯಾಕೆ ಸಾರ್, ನಾವೆಲ್ಲ ಗೊತ್ತಿರೋರು" ಅಂದವನು ವಾರಂಟಿ ಮಾತಾಡುತ್ತಾನೆ. ಕೊನೆಗೆ: "ತುಮಕೂರಲ್ಲಿ ಗಿಟಾರ್ ಕೆಲಸ ಇನ್ಯಾರ್ ಮಾಡ್ತಾರೆ ಹೇಳಿ? ನಾಳೆ ನನ್ ಹತ್ರನೇ ಬರ್ಬೇಕು ನೀವು."

ಈ ಕೊನೆಯ ಮಾತಿಗೇ ಈ ಬರಹ. ಬೇರೆ ಗತಿ ಇಲ್ಲ ಅಂತ ಅವನಿಗೆ ಗೊತ್ತು, ಅದರ ಮೇಲೇ ವ್ಯಾಪಾರ.

ನೀವು ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ, ಗಿಟಾರ್ ಬಿಚ್ಚೋದೂ ಬೇಡ. ಬ್ಯಾಟರಿ ಇಲ್ಲದ ಸಾದಾ ಗಿಟಾರಿಗೆ ಇದು. ಕೇಬಲ್ ಒಂದು ತುದಿ ಗಿಟಾರಿಗೆ ಹಾಕಿ, ಇನ್ನೊಂದು ತುದಿಯ ಮೊನೆಗೊಂದು, ಬುಡಕ್ಕೊಂದು ಮೀಟರಿನ ಕಡ್ಡಿ ಇಡಿ. ವಾಲ್ಯೂಮ್ ಪೂರ್ತಿ. ಸ್ವಿಚ್ ಒಂದು ಪಿಕಪ್ ಕಡೆ ಹಾಕಿ. ಪಿಕಪ್ಪಿನ ರೀಡಿಂಗಿಗಿಂತ ಒಂಚೂರು ಕಡಿಮೆ ತೋರಿಸುತ್ತದೆ. ಮಧ್ಯಕ್ಕೆ ಹಾಕಿದರೆ ಹತ್ತಿರ ಹತ್ತಿರ ಅರ್ಧ. ರಿಪೇರಿಗೆ ಕೊಡುವ ಮುಂಚೆ ಇದನ್ನು ಬರೆದಿಟ್ಟುಕೊಂಡು, ಒಳಗಿನ ಫೋಟೊ ತೆಗೆದುಕೊಂಡು ಕೊಡಿ. ವಾಪಸ್ ತರುವಾಗ ಅಲ್ಲೇ ಮುಚ್ಚಳ ತೆಗೆಸಿ ನೋಡಿ. ಕಿತ್ತ ಸಾಮಾನು ಒಂದು ಬಿಡದೆ ಕೇಳಿ ಇಸ್ಕೊಳ್ಳಿ, ಗುಜರಿ ಅಂದರೆ ಖಂಡಿತ ಬಿಡಬೇಡಿ. ಕನೆಕ್ಟರೇ ಬೇಕು ಅನ್ನುವವರು ಲಾಕ್ ಇರುವುದನ್ನು, ನಿಮ್ಮ ವೈರಿನ ದಪ್ಪಕ್ಕೆ ಸರಿಹೋಗುವ ಪಿನ್ ಇರುವುದನ್ನು ತಗೊಳ್ಳಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಾಶಿ ಸಿಗುತ್ತದೆ. ಕ್ರಿಂಪ್ ಟೂಲ್ ಇಲ್ಲದವನ ಕೈಗೆ ಮಾತ್ರ ಕೊಡಬೇಡಿ. ಜ್ಯಾಕ್ ಸಡಿಲ ಆಗಿದ್ದರೆ ಸೋಲ್ಡರ್ ಸಾಕು ಸ್ವಾಮಿ, ಸೋಲ್ಡರ್ ಸಾಕು.

ನನ್ನ ಗಿಟಾರಿಗೆ ಹಳೇ ಪಿಕಪ್ಪೇ ವಾಪಸ್ ಬಂದಿದೆ. ಟಿವಿ ರೇಡಿಯೊ ರಿಪೇರಿ ಮಾಡುವ ವಯಸ್ಸಾದವರೊಬ್ಬರು ಶೀಲ್ಡ್ ವೈರು ಹಾಕಿ, ಬ್ರಿಡ್ಜ್ ಗ್ರೌಂಡ್ ಕೊಟ್ಟು, ಎಲ್ಲಾ ಸೋಲ್ಡರ್ ಮಾಡಿಕೊಟ್ಟರು. ಗಿಟಾರ್ ಅವರು ನೋಡಿದ್ದೇ ಅವತ್ತು, ಆದರೂ ನನ್ನ ಹತ್ತಿರ ಇದ್ದ ಗಿಟಾರ್ ಒಳಗಿನ ಹಳೇ ಫೋಟೊ ಮುಂದೆ ಇಟ್ಟುಕೊಂಡು ಒಂದೊಂದು ವೈರು ಕೇಳಿ ಕೇಳಿ ಮಾಡಿದರು. 300 ರೂಪಾಯಿ ತಗೊಂಡರು. 3,500ರ ಪಿಕಪ್ ವಾಪಸ್ ತಗೊಂಡು ದುಡ್ಡು ಕೊಡು ಅಂತ ಅಂಗಡಿಯವನಿಗೆ ಇನ್ನೂ ಕೇಳುತ್ತಲೇ ಇದ್ದೇನೆ. "ಯೂಸ್ ಮಾಡಿರೋದು, ಎಂಟುನೂರಕ್ಕಾದ್ರೆ ತಗೋತೀನಿ" ಅಂತ ನಿನ್ನೆ ಮೆಸೇಜ್ ಹಾಕಿದ್ದಾನೆ.