450 ರೂಪಾಯಿಯ ಜೇಬು ಮೈಕ್ರೋಸ್ಕೋಪು, ಒಂದು ಮಳೆಗಾಲ ಬಳಸಿದ ಮೇಲೆ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಂತ ಮಗ ಏಪ್ರಿಲ್‌ನಲ್ಲಿ ತರಿಸಿಕೊಟ್ಟಿದ್ದು. ಅವಳು ಎರಡು ದಿನ ಸಕ್ಕರೆ, ಉಪ್ಪು, ತನ್ನ ಕೂದಲು ಎಲ್ಲ ನೋಡಿ ಬಿಸಾಕಿದಳು. ಮೂರನೇ ದಿನ ಅದು ನನ್ನ ಸ್ವೆಟರ್ ಜೇಬು ಸೇರಿತು. ಕೊಡಗಿನ ಶಾಂತಳ್ಳಿ ಕಡೆ ನಮ್ಮದು ಐದು ಎಕರೆ ಅರೇಬಿಕಾ ಕಾಫಿ ತೋಟ. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು ನಾನು. ಇಂಥದ್ದು ಕೈಗೆ ಸಿಕ್ಕರೆ ಬಿಡ್ತೀನಾ?

ಕಂಪನಿ ಹೆಸರು ಹೇಳುವುದಿಲ್ಲ. ಇದೇ ಥರದ್ದು ಹತ್ತು ಹೆಸರಿನಲ್ಲಿ ಬರುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಪ್ಲಾಸ್ಟಿಕ್ಕಿನದು, ತಿರುಗಿಸುವ ಒಂದು ಚಕ್ರ, ಕೆಳಗೊಂದು ಪುಟ್ಟ ಎಲ್‌ಇಡಿ ದೀಪ.

ಡಬ್ಬಿಯ ಮೇಲೆ '120 ಪಟ್ಟು' ಅಂತ ದೊಡ್ಡದಾಗಿ ಬರೆದಿದೆ. ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘ ಶುರುವಾಗಿದ್ದು 1660ರಲ್ಲಿ. ಅದರ ಧ್ಯೇಯವಾಕ್ಯದ ಅರ್ಥ, ಯಾರೋ ಹೇಳಿದರು ಅಂತ ನಂಬಬೇಡ ಎಂದು. ಡಬ್ಬಿಯ ಮಾತಿಗೂ ಅದೇ ನ್ಯಾಯ ಅಲ್ವಾ? ಆ ಸೊಸೈಟಿಯಲ್ಲಿ ಪ್ರಯೋಗ ಮಾಡಿ ತೋರಿಸುವ ಕೆಲಸಕ್ಕಿದ್ದ ರಾಬರ್ಟ್ ಹುಕ್ 1665ರ 'ಮೈಕ್ರೋಗ್ರಾಫಿಯಾ'ದಲ್ಲಿ ಒಂದು ಸುಲಭದ ಉಪಾಯ ಹೇಳಿದ್ದಾನೆ. ಒಂದು ಕಣ್ಣು ಮೈಕ್ರೋಸ್ಕೋಪಿನಲ್ಲಿ, ಇನ್ನೊಂದು ಕಣ್ಣು ಹೊರಗಿಟ್ಟ ಅಳತೆಪಟ್ಟಿಯ ಮೇಲೆ. ಎರಡೂ ಚಿತ್ರ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ, ಹೋಲಿಸಿ ನೋಡಬಹುದು. ಮೊಮ್ಮಗಳ ಕಂಪಾಸ್ ಬಾಕ್ಸಿನ ಸ್ಟೀಲ್ ಪಟ್ಟಿ ತೆಗೆದುಕೊಂಡು ಕೂತೆ. ಅರ್ಧ ಗಂಟೆ ಕಣ್ಣು ಮೇಲೆ ಕೆಳಗೆ ಆಯಿತು, ತಲೆ ಸುತ್ತಿತು. ಕೊನೆಗೆ ಹೊಂದಿಕೊಂಡಿತು. ಒಂದು ಮಿಲಿಮೀಟರ್ ಆರು ಸೆಂಟಿಮೀಟರ್ ಆಗಿ ಕಂಡಿತು. ಅಂದರೆ 60 ಪಟ್ಟು. ಡಬ್ಬಿ ಹೇಳಿದ್ದರಲ್ಲಿ ಸರಿಯಾಗಿ ಅರ್ಧ.

ಆದರೂ 60 ಪಟ್ಟು ಕಡಿಮೆಯೇನಲ್ಲ. ನನಗೆ ಬೇಕಾಗಿದ್ದು ಕಾಫಿ ಗಿಡಕ್ಕೆ ಬರುವ ಎಲೆ ತುಕ್ಕು ರೋಗ ನೋಡುವುದಕ್ಕೆ. ಅರೇಬಿಕಾ ಇಟ್ಟವರಿಗೆ ಅದರ ಕಾಟ ಗೊತ್ತೇ ಇದೆ. ಹಳೆ ಎಲೆಯ ಅಡಿಯಲ್ಲಿದ್ದ ಕಿತ್ತಳೆ ಬಣ್ಣದ ಪುಡಿಗೆ ಸೆಲ್ಲೋಟೇಪ್ ಒತ್ತಿ, ಬಿಳಿ ಹಾಳೆಗೆ ಅಂಟಿಸಿ ನೋಡಿದೆ. ಬರಿಗಣ್ಣಿಗೆ ಅರಿಶಿನ ಚೆಲ್ಲಿದ ಹಾಗಿದ್ದದ್ದು ಬಿಡಿಬಿಡಿ ಕಾಳಾಯಿತು. ಒಂದೊಂದೂ ಸಾಸಿವೆಯಷ್ಟು. ತುಕ್ಕು ತರುವ ಬೂಷ್ಟಿನ ಈ ಬೀಜಕಣಗಳು ಕಿತ್ತಳೆ ತೊಳೆಯ ಆಕಾರದವು, ಬೆನ್ನ ಮೇಲೆ ಮುಳ್ಳು, ಹೊಟ್ಟೆ ನುಣುಪು. ಅದಕ್ಕೇ ಆ ಬೂಷ್ಟಿಗೆ 1869ರಲ್ಲಿ 'ಅರ್ಧ ನುಣುಪು' ಅನ್ನುವ ಅರ್ಥದಲ್ಲಿ ಹೆಮಿಲಿಯಾ ಅಂತ ಹೆಸರಿಟ್ಟರು. ಮುಳ್ಳು ಕಾಣುತ್ತದೆ ಅಂತ ಆಸೆ ಇಟ್ಟುಕೊಂಡು ಕೊಳ್ಳಬೇಡಿ, ಇದರಲ್ಲಿ ಕಾಣುವುದಿಲ್ಲ.

ಅದೇ ವರ್ಷ ಸಿಲೋನಿನ (ಈಗಿನ ಶ್ರೀಲಂಕಾ) ಕಾಫಿ ತೋಟಗಳಿಗೆ ತುಕ್ಕು ಬಿದ್ದಿತ್ತು. 1880ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಅನ್ನುವ ಯುವಕ ಅಲ್ಲಿಗೆ ಹೋದ. ರೋಗ ಹಬ್ಬಿಸುವುದು ಈ ಬೂಷ್ಟೇ, ಅದರ ಕಣಗಳು ಗಾಳಿಯಲ್ಲಿ ಬರುತ್ತವೆ, ಎಲೆಯ ಮೇಲೆ ನೀರಿದ್ದರೆ ಮೊಳೆತು ಅಡಿಭಾಗದ ರಂಧ್ರಗಳಿಂದ ಒಳಗೆ ಹೋಗುತ್ತವೆ ಅಂತ ತೋರಿಸಿಕೊಟ್ಟ. ಸಿಲೋನಿನ ಕಾಫಿಯನ್ನು ಉಳಿಸುವುದಕ್ಕೆ ಅವನಿಂದ ಆಗಲಿಲ್ಲ, ಅಲ್ಲಿನ ತೋಟದವರೆಲ್ಲ ಟೀ ಹಾಕಿದರು. ಆದರೆ ಮಳೆಗಾಲಕ್ಕೆ ಮುಂಚೆ ಎಲೆಯಡಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು ಅನ್ನುವ ನಮ್ಮ ಲೆಕ್ಕಾಚಾರದ ಬುಡ ಅಲ್ಲಿದೆ. (ಬೋರ್ಡೋ ಕಥೆಯೂ ತಮಾಷೆ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಅನ್ನುವ ಪ್ರೊಫೆಸರ್ ಗಮನಿಸಿದ.)

ನಮ್ಮಲ್ಲಿ ಸ್ಪ್ರೇ ಹೊಡೆಯುವ ಹುಡುಗ ಪ್ರತಿ ವರ್ಷ ಮೇಲಿಂದ ಸ್ನಾನ ಮಾಡಿಸಿದ ಹಾಗೆ ಹೊಡೆದು ಮುಂದಿನ ಗಿಡಕ್ಕೆ ಹೋಗುತ್ತಿದ್ದ. ಹೇಳಿ ಹೇಳಿ ಸಾಕಾಗಿತ್ತು. ಈ ಸಲ ಒಂದೇ ಎಲೆಯ ಎರಡೂ ಮಗ್ಗುಲು ಟೇಪಿಗೆ ತೆಗೆದು ತೋರಿಸಿದೆ. ಮೇಲಿನದರಲ್ಲಿ ಧೂಳು ಬಿಟ್ಟರೆ ಏನಿಲ್ಲ. ಅಡಿಯದ್ದು ನೋಡಿ, 'ಅಮ್ಮಾ, ಇದೇನು ರಾಗಿ ಹರಡಿದ ಹಾಗಿದೆ!' ಅಂದ. ಆಮೇಲೆ ಅವನಾಗಿಯೇ ಗನ್ ಕೆಳಗಿಂದ ಮೇಲಕ್ಕೆ ತಿರುಗಿಸಿದ. 450 ರೂಪಾಯಿ ಅವತ್ತೇ ಬಂತು ನನಗೆ.

ಸೋತಿದ್ದು ಮೆಣಸಿನ ನೀರಿನಲ್ಲಿ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್‌ಗೆ ಕಾಳುಮೆಣಸು ಯಾಕೆ ಖಾರ ಅನ್ನುವ ಪ್ರಶ್ನೆ ಇತ್ತು. ಅದರಲ್ಲಿ ಸಣ್ಣ ಮುಳ್ಳುಗಳಿರಬೇಕು ಅಂದುಕೊಂಡು ನೀರಲ್ಲಿ ನೆನೆಹಾಕಿದ. ಮೂರು ವಾರದ ಮೇಲೆ, 1676ರ ಏಪ್ರಿಲ್‌ನಲ್ಲಿ ನೋಡಿದರೆ ಮುಳ್ಳಿಲ್ಲ, ಬರೀ ಓಡಾಡುವ ಜೀವಿಗಳು! ಅವನು ಡಚ್ ಬಿಟ್ಟು ಬೇರೆ ಭಾಷೆ ಕಲಿತವನಲ್ಲ. ಡಚ್ಚಿನಲ್ಲೇ ರಾಯಲ್ ಸೊಸೈಟಿಗೆ ಕಾಗದ ಬರೆದ. ಅವರು ನಂಬಲಿಲ್ಲ, ಹಾಗಂತ ಹರಿದೂ ಹಾಕಲಿಲ್ಲ. ತಾವೇ ಮೆಣಸು ನೆನೆಹಾಕಿದರು. ಹುಕ್‌ಗೂ ಮೊದಲು ಏನೂ ಕಾಣಲಿಲ್ಲ. 1677ರ ನವೆಂಬರಿನಲ್ಲಿ ಕಂಡಿತು, ಸದಸ್ಯರೆಲ್ಲ ಸರತಿಯಲ್ಲಿ ನೋಡಿದರು. ಪದವಿ ಇಲ್ಲದ ವ್ಯಾಪಾರಿಯನ್ನು 1680ರಲ್ಲಿ ಸದಸ್ಯನಾಗಿಯೂ ಮಾಡಿಕೊಂಡರು.

ನಾನೂ ನಮ್ಮ ತೋಟದ್ದೇ ಮೆಣಸು ನೆನೆಹಾಕಿದೆ. ಮೂರನೇ ವಾರ ಅಡುಗೆಮನೆಯಲ್ಲಿ ನಿಲ್ಲಲಾಗದ ವಾಸನೆ. ಸೊಸೆ ಲೋಟವನ್ನು ಹಿತ್ತಿಲಿಗೆ ಸಾಗಿಸಿದಳು. ಒಂದು ಹನಿ ಗಾಜಿನ ಮೇಲೆ ಹಾಕಿದರೆ ಎಲ್‌ಇಡಿ ಬೆಳಕು ನೀರಿಗೆ ಹೊಡೆದು ಬರೀ ಬಿಳುಪು. ಅದನ್ನು ಆರಿಸಿ, ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿದಾಗ ಎರಡು ಮೂರು ಚುಕ್ಕೆ ಸರಕ್ಕನೆ ಹಾದುಹೋದವು. ಅಷ್ಟೇ. ಅದಕ್ಕಿಂತ ಸಣ್ಣವು ಇದರಲ್ಲಿ ಕಾಣುವುದಿಲ್ಲ. ಲೀವೆನ್‌ಹುಕ್ ಕೈಯಲ್ಲೇ ಮಾಡಿದ ಒಂಟಿ ಮಸೂರಗಳಲ್ಲಿ ಇವತ್ತಿಗೂ ಉಳಿದಿರುವ ಒಂದು ಸುಮಾರು 270 ಪಟ್ಟು ತೋರಿಸುತ್ತದೆ. ನಮ್ಮದು ಚೀನಾ ಪ್ಲಾಸ್ಟಿಕ್ಕು, 60.

ಇನ್ನೊಂದು ದೊಡ್ಡ ದೂರು. ಜುಲೈನಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಒಂದು ದಿನ ನೋಡಿದರೆ ಚಿತ್ರದ ತುಂಬ ಜೇಡರ ಬಲೆ. ಏನೋ ಹೊಸ ರೋಗ ಅಂತ ಗಾಬರಿಯಾಗಿ ಇನ್ನೊಂದು ಎಲೆ ತಂದೆ, ಅದರಲ್ಲೂ ಬಲೆ. ಕೊನೆಗೆ ಗೊತ್ತಾಯಿತು, ಬೂಷ್ಟು ಹಿಡಿದಿದ್ದು ಎಲೆಗಲ್ಲ, ಮಸೂರಕ್ಕೆ. ಬಿಚ್ಚಿ ಒರೆಸೋಣ ಅಂದರೆ ಸ್ಕ್ರೂ ಇಲ್ಲ, ಅಂಟು ಹಾಕಿದ್ದಾರೆ. ಮಾರಿದವರಿಗೆ ಫೋನ್ ಮಾಡಿದರೆ 'ಮೇಡಂ, ಒಣ ಜಾಗದಲ್ಲಿಡಿ' ಅಂದರು. ಮಳೆಗಾಲದ ಶಾಂತಳ್ಳಿಯಲ್ಲಿ ಒಣ ಜಾಗ! ಈಗ ಒಲೆಯ ಮೇಲಿನ ಅಟ್ಟದಲ್ಲಿ, ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೇನೆ. ಬಲೆ ಅಂಚಿಗೆ ನಿಂತಿದೆ, ನಡುವೆ ಇನ್ನೂ ಚೆನ್ನಾಗಿ ಕಾಣುತ್ತದೆ.

ತೋಟಕ್ಕೆ ಅಂತಾದರೆ ತೆಗೆದುಕೊಳ್ಳಿ, ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮೂರು ಬಟನ್ ಸೆಲ್ ಬೇಕು, ಜೊತೆಗೆ ಬಂದಿದ್ದು ವಾರಕ್ಕೇ ಮುಗಿಯಿತು. ನಮ್ಮೂರಲ್ಲಿ ಸಿಗಲಿಲ್ಲ. ಸೋಮವಾರಪೇಟೆಗೆ ಹೋದಾಗ ವಾಚ್ ರಿಪೇರಿಯವರ ಹತ್ತಿರ ಕೇಳಿ, ಹಳೆಯದನ್ನು ತೋರಿಸಿದರೆ ತಕ್ಷಣ ತೆಗೆದುಕೊಡುತ್ತಾರೆ.