ಕಾರವಾರದಲ್ಲಿ ಬೋಟ್ ಹತ್ತುವ ಮೊದಲು ರೇಡಿಯೋ ಹಾಕಿಸಿ ನೋಡಿ

ಡಾಲ್ಫಿನ್ ನೋಡಲು, ಕೂರ್ಮಗಡ ದ್ವೀಪದ ಕಡೆ ಒಂದು ಸುತ್ತು ಹೋಗಿಬರಲು ಕಾರವಾರಕ್ಕೆ ಬರುವವರು ದಯವಿಟ್ಟು ಇದನ್ನು ಓದಿ. ಲೈಫ್ ಜಾಕೆಟ್ ಇದೆಯಾ ಅಂತ ಈಗ ತುಂಬಾ ಜನ ಕೇಳುತ್ತಾರೆ. ಒಳ್ಳೆಯದು. ಆದರೆ ಬೋಟಿನ ರೇಡಿಯೋ, ಅಂದರೆ ಬೇರೆ ಬೋಟಿನವರ ಜೊತೆ, ದಡದವರ ಜೊತೆ ಮಾತಾಡುವ ಸೆಟ್ಟು, ಕೆಲಸ ಮಾಡುತ್ತದಾ ಅಂತ ಕೇಳುವವರನ್ನು ನಾನು ನೋಡಿಲ್ಲ.

ಕಳೆದ ಚಳಿಗಾಲದಲ್ಲಿ ಶಿರಸಿಯಿಂದ ಅಕ್ಕ, ಭಾವ, ಮಕ್ಕಳೆಲ್ಲ ಸೇರಿ ಹೋಗಿದ್ದೆವು. ನಮಗೆ ಕೊಟ್ಟಿದ್ದು ಫೈಬರ್ ಬೋಟ್. ಹಿಂದೆ ಒಂದೇ ಔಟ್‌ಬೋರ್ಡ್ ಎಂಜಿನ್, ತಳ ಹೆಚ್ಚುಕಡಿಮೆ ಚಪ್ಪಟೆ. ಕಾಳಿ ನದಿಯೊಳಗೆ ಓಡಾಡಲು ಇಂಥ ಬೋಟ್ ಚೆನ್ನಾಗಿಯೇ ಇರುತ್ತದೆ. ಕಡಿಮೆ ನೀರಿನಲ್ಲೂ ಹೋಗುತ್ತದೆ, ಅಲುಗಾಡುವುದಿಲ್ಲ. ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ, ದಾಟಿದ ಮೇಲೆ ಕಥೆ ಬೇರೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುತ್ತದೆ, ಸಮುದ್ರದ ಅಲೆ ಎದುರಿಗೆ ಬರುತ್ತದೆ. ಎರಡೂ ಸೇರುವಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಚಪ್ಪಟೆ ತಳದ ಬೋಟ್ ಅದನ್ನು ಸೀಳುವುದಿಲ್ಲ, ಅದರ ಮೇಲೆ ಬಡಿದುಕೊಳ್ಳುತ್ತದೆ. ಸಮುದ್ರಕ್ಕೆ ಹೋಗುವುದಾದರೆ ತಳ ಚೂಪಾಗಿ, ಮುಂಭಾಗ ಎತ್ತರವಾಗಿ ಇರುವ ಬೋಟ್ ಬೇಕು.

ವಾಪಸ್ ಬರುವಾಗ ಎಂಜಿನ್ ನಿಂತಿತು. "ಏನೂ ಆಗೂದಿಲ್ಲ ಸರ್, ಕೂತ್ಕೊಳ್ಳಿ" ಅಂತ ಬೋಟಿನ ಹುಡುಗ ಸೆಲ್ಫ್ ಹೊಡೆದೇ ಹೊಡೆದ. ಕೊನೆಗೆ ಬ್ಯಾಟರಿ ಇಳಿಯಿತು. ಆಗ ಭಾವ "ರೇಡಿಯೋದಲ್ಲಿ ಯಾರನ್ನಾದರೂ ಕರಿ ಮಾರಾಯಾ" ಅಂದರು. ರೇಡಿಯೋ ಇತ್ತು, ಎದುರಿಗೇ ಇತ್ತು. ಆದರೆ ಅದಕ್ಕೂ ಕರೆಂಟ್ ಬರುತ್ತಿದ್ದದ್ದು ಅದೇ ಬ್ಯಾಟರಿಯಿಂದ! ಪರದೆ ಒಮ್ಮೆ ಮಿಣುಕಿ ಆರಿಹೋಯಿತು.

ಮಧ್ಯಾಹ್ನದ ಗಾಳಿ ಸಮುದ್ರದಿಂದ ದಡದ ಕಡೆ ಬೀಸುತ್ತದೆ. ನಾವು ನಿಧಾನಕ್ಕೆ ಬಂಡೆಗಳ ಕಡೆ ಸರಿಯುತ್ತಿದ್ದೆವು. ಲಂಗರು ಹಾಕಿದರೆ ಹಗ್ಗ ಸಾಲಲಿಲ್ಲ. ಲಂಗರು ಕಚ್ಚಿಕೊಳ್ಳಬೇಕಾದರೆ ನೀರಿನ ಆಳದ ಐದಾರು ಪಟ್ಟು ಹಗ್ಗ ಬಿಡಬೇಕು, ಅಲ್ವಾ? ಇದ್ದದ್ದು ಮೋಟು ಹಗ್ಗ. ಮಾಲೀಕರಿಗೆ ಮೊಬೈಲ್‌ನಲ್ಲಿ ಒಮ್ಮೆ ಲೈನ್ ಸಿಕ್ಕಿತು. "ನೋಡ್ತೇನೆ" ಅಂದರು, ಕಟ್ಟಾಯಿತು. ಮಕ್ಕಳು ಅಳಲು ಶುರು ಮಾಡಿದ್ದರು. ಅಕ್ಕ ಕೇಸರಿ ಲೈಫ್ ಜಾಕೆಟ್ ಒಂದನ್ನು ಹಿಡಿದು ಬೀಸುತ್ತಲೇ ಇದ್ದಳು. ಅದನ್ನು ನೋಡಿ ಮೀನುಗಾರಿಕೆ ಬೋಟೊಂದು ತಿರುಗಿ ಬಂತು, ಹಗ್ಗ ಕಟ್ಟಿ ಎಳೆಯಿತು.

ಅವರ ಬೋಟಿನಲ್ಲಿ ರೇಡಿಯೋ ಹಾಕಿಯೇ ಇತ್ತು. "ಒಂದು ಮಾತು ಕೂಗಿದ್ರೆ ಆಗ್ಲೇ ಬರ್ತಿದ್ವಲ್ಲ" ಅಂದರು ಆ ಬೋಟ್ ನಡೆಸುವ ತಾಂಡೇಲರು. ನನಗೆ ಹೊಟ್ಟೆ ಉರಿದದ್ದು ಅಲ್ಲಿ. ಅಷ್ಟು ಹತ್ತಿರ ಸಹಾಯ ಇತ್ತು, ನಮ್ಮ ದನಿ ಮಾತ್ರ ಹೋಗಲಿಲ್ಲ. ಫೋನ್ ಮಾಡಿದರೆ ಒಬ್ಬರಿಗೆ ಕೇಳುತ್ತದೆ, ಅದೂ ಸಿಗ್ನಲ್ ಇದ್ದರೆ. ರೇಡಿಯೋದಲ್ಲಿ ಕೂಗಿದರೆ ಆ ಚಾನೆಲ್ ಹಾಕಿಕೊಂಡಿರುವ ಸುತ್ತಲಿನ ಎಲ್ಲ ಬೋಟಿನವರಿಗೂ, ದಡದವರಿಗೂ ಒಟ್ಟಿಗೇ ಕೇಳುತ್ತದೆ.

ಆ ಚಾನೆಲ್ 16. ಬೋಟು, ಹಡಗುಗಳಲ್ಲಿ ಬಳಸುವ ವಿಎಚ್‌ಎಫ್ ಮೆರೈನ್ ರೇಡಿಯೋದಲ್ಲಿ, 156.8 ಮೆಗಾಹರ್ಟ್ಸ್. ಜಗತ್ತಿನ ಎಲ್ಲ ಕಡೆ ಅಪಾಯದ ಕರೆಗೆ ಇದೇ. ಸುಮ್ನೆ ಹರಟೆಗೆ ಅದನ್ನು ಬಳಸಬಾರದು. ಬೋಟಿಗೆ ಕೂರಿಸಿದ ಸೆಟ್ಟು 25 ವ್ಯಾಟ್‌ವರೆಗೆ ಕಳಿಸುತ್ತದೆ, ಕೈಯಲ್ಲಿ ಹಿಡಿಯುವ ಸೆಟ್ಟು ಸಾಮಾನ್ಯವಾಗಿ 5 ವ್ಯಾಟ್. ಆಂಟೆನಾ ಎಷ್ಟು ಎತ್ತರವೋ ದನಿ ಅಷ್ಟು ದೂರ. ನಡುವೆ ಗುಡ್ಡ ಬಂದರೆ ದನಿ ತಡೆಯುತ್ತದೆ, ಹಾಗಾಗಿ ದ್ವೀಪದ ಮರೆಯಲ್ಲಿದ್ದಾಗ ಎಚ್ಚರ. ಸಾಮಾನ್ಯವಾಗಿ ಇದಕ್ಕೆ ಲೈಸೆನ್ಸ್ ಬೇಕು. ಜೀವಕ್ಕೆ ಅಪಾಯ ಬಂದಾಗ ಮಾತ್ರ ಯಾರು ಬೇಕಾದರೂ ಮಾತಾಡಬಹುದು. ಬಟನ್ ಒತ್ತಿ ಹಿಡಿದು "ಮೇಡೇ" ಅಂತ ಮೂರು ಸಲ, ಬೋಟಿನ ಹೆಸರು ಮೂರು ಸಲ. ಆಮೇಲೆ ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ ಇದ್ದೀರಿ. ಕೊನೆಗೆ ಬಟನ್ ಬಿಡಬೇಕು. ಬಿಡದಿದ್ದರೆ ಉತ್ತರ ಕೇಳುವುದೇ ಇಲ್ಲ. ನಮ್ಮ ಹಾಗೆ ಎಂಜಿನ್ ಮಾತ್ರ ಕೆಟ್ಟು, ಬೋಟ್ ಮುಳುಗುವ ಭಯ ಇನ್ನೂ ಇಲ್ಲದಿದ್ದರೆ "ಪ್ಯಾನ್ ಪ್ಯಾನ್" ಅನ್ನುತ್ತಾರೆ. ಬಂಡೆ ಹತ್ತಿರವಾದರೆ ಮೇಡೇ.

ದಡದಲ್ಲೇ ಬೋಟಿನವರಿಗೆ ಹೇಳಿ: ರೇಡಿಯೋ ಹಾಕಿ, ಇನ್ನೊಂದು ಬೋಟಿನವರ ಜೊತೆ ಒಮ್ಮೆ ಮಾತಾಡಿ ತೋರಿಸಿ. ದೀಪ ಹತ್ತಿದರೆ ಸಾಲದು, ಆ ಕಡೆಯಿಂದ ಉತ್ತರ ಬರಬೇಕು. ಉಪ್ಪುಗಾಳಿಗೆ ಆಂಟೆನಾದ ತಂತಿ ತುಕ್ಕು ಹಿಡಿದಿದ್ದರೂ ದೀಪ ಹತ್ತುತ್ತದೆ. ರೇಡಿಯೋಗೆ ಬೇರೆ ಬ್ಯಾಟರಿ ಇದೆಯಾ, ಇಲ್ಲದಿದ್ದರೆ ಚಾರ್ಜ್ ಆದ ಕೈ ಸೆಟ್ಟು ಇದೆಯಾ ನೋಡಿ. ಜನ ಜಾಸ್ತಿ ತುಂಬಿಸುತ್ತಿದ್ದರೆ ಇಳಿದುಬಿಡಿ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ಬೋಟ್ ಮಗುಚಿ 16 ಜನ ತೀರಿಹೋದರು. ಇದನ್ನು ಈ ಊರು ಮರೆತಿಲ್ಲ, ಬೋಟಿನವರೂ ಮರೆಯಬಾರದು.

ಕಯಾಕ್‌ನಲ್ಲಿ ಹೋಗುವವರಿಗೆ ಇದು ಇನ್ನೂ ಮುಖ್ಯ. ಗಾಳಿ ಎದುರಾದರೆ ತೋಳಿನ ಬಲ ಸಾಲುವುದಿಲ್ಲ. ನೀರು ತಾಗಿದರೂ ಕೆಡದ ಸಣ್ಣ ರೇಡಿಯೋವನ್ನು ಲೈಫ್ ಜಾಕೆಟ್ಟಿಗೇ ಕಟ್ಟಿಕೊಳ್ಳಿ. ಕಯಾಕಿನೊಳಗೆ ಇಟ್ಟರೆ ಅದು ಮಗುಚಿದಾಗ ರೇಡಿಯೋ ನಿಮ್ಮ ಕೈಗೆ ಸಿಗುವುದಿಲ್ಲ. ಜೆಟ್ ಸ್ಕೀ, ಸ್ಪೀಡ್‌ಬೋಟ್ ಆದರೆ ಓಡಿಸುವವರು, ತಾವು ನೀರಿಗೆ ಬಿದ್ದರೆ ಎಂಜಿನ್ ಆರಿಸುವ ಬಳ್ಳಿಯನ್ನು ಮೈಗೆ ಸಿಕ್ಕಿಸಿಕೊಂಡಿದ್ದಾರಾ ನೋಡಿ.

ಫೋನ್ ಸಿಗುವಷ್ಟು ಹತ್ತಿರ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಎರಡನ್ನೂ ಬೋಟ್ ಹತ್ತುವ ಮೊದಲೇ ಸೇವ್ ಮಾಡಿಕೊಳ್ಳಿ.